ಸೂರಿನ ನೀರು ಬೀಳುವ ಜಾಗ

ಕಳೆದ ಜೂನ್ ತಿಂಗಳಲ್ಲಿ ನಮ್ಮ ಕಟ್ಟಡದ ನಾಲ್ಕನೇ ಮಹಡಿಗೆ ಒಬ್ಬಳು ಹುಡುಗಿ ಬಾಡಿಗೆಗೆ ಬಂದಳು. ಮಂಗಳೂರಿನ ಕದ್ರಿ ಕಡೆಯ ಹಳೆಯ ಕಟ್ಟಡ ನಮ್ಮದು. ಲಿಫ್ಟ್ ಚಿಕ್ಕದು. ಇಬ್ಬರು ನಿಂತರೆ ಒಬ್ಬರ ಕೊಡೆಯ ನೀರು ಇನ್ನೊಬ್ಬರ ಕಾಲಿಗೆ ಬೀಳುತ್ತದೆ. ಅಷ್ಟು ಹತ್ತಿರ ನಿಂತು ಮಾತಾಡದೆ ಇರುವುದು ನನ್ನಿಂದ ಆಗುವುದಿಲ್ಲ. "ಊರು ಎಲ್ಲಾಯ್ತು ನಿಮ್ಮದು?" ಅಂತ ಕೇಳಿದೆ. ಶಿವಮೊಗ್ಗ ಅಂದಳು. ಒಬ್ಬರೇ ಇರುವುದಾ, ಎಂತ ಓದುವುದು, ಬೆಳಿಗ್ಗೆ ತಿಂಡಿಗೆ ಎಂತ ಮಾಡ್ತೀರಿ? ಎರಡು ಮಹಡಿ ಇಳಿಯುವಷ್ಟರಲ್ಲಿ ನನ್ನ ಪ್ರಶ್ನೆಗಳು ಮುಗಿದಿದ್ದವು. ಅವಳು ನಗುತ್ತಲೇ ಉತ್ತರ ಕೊಟ್ಟಳು. ಗೇಟಿನ ಹತ್ತಿರ ನಾನು ಕೊಡೆ ಬಿಡಿಸಲು ನಿಂತೆ. ಅವಳು ಮುಂದೆ ಹೋಗುತ್ತಾ ಫೋನಿನಲ್ಲಿ ಯಾರಿಗೋ ಹೇಳಿದ್ದು ಕಿವಿಗೆ ಬಿತ್ತು. "ಎರಡನೇ ಫ್ಲೋರಿನ ಆಂಟಿ ಒಳ್ಳೆಯವ್ರೇ. ಆದ್ರೆ ಸ್ವಲ್ಪ ನೋಸಿ."

ಬೈಗುಳವೇನೂ ಅಲ್ಲ, ಅಲ್ವಾ? 'ಸ್ವಲ್ಪ' ಅಂತ ಸೇರಿಸಿದ್ದಾಳೆ, 'ಒಳ್ಳೆಯವ್ರೇ' ಅಂತಲೂ ಹೇಳಿದ್ದಾಳೆ. ಆದರೂ ಅವತ್ತು ತರಕಾರಿಯವನ ಹತ್ತಿರ ಬಸಳೆಗೆ ಚೌಕಾಸಿ ಮಾಡುವುದನ್ನೇ ಮರೆತೆ. ಕೇಳಿದ ಹಣ ಕೊಟ್ಟು ಬಂದೆ. ನಾಲ್ಕು ದಿನ ಲಿಫ್ಟಿನಲ್ಲಿ ಯಾರು ಸಿಕ್ಕಿದರೂ ಮಹಡಿಯ ನಂಬರ್ ನೋಡುತ್ತಾ ನಿಂತೆ. ಐದನೇ ದಿನ ಗಂಡ ಕೇಳಿದರು, "ಎಂತ, ಹುಷಾರಿಲ್ವಾ?" ಆಮೇಲೆ ನನಗೆ ಇನ್ನೊಂದು ಹೊಳೆಯಿತು. ನಾನು ಅವಳನ್ನು ಕೇಳಿದ್ದು ತಪ್ಪು ಅಂತಾದರೆ, ಅವಳು ಫೋನಿನಲ್ಲಿ ಆಡಿದ್ದನ್ನು ಕೇಳಿದ್ದು ಅದಕ್ಕಿಂತ ದೊಡ್ಡ ತಪ್ಪು. ಒಂದೇ ದಿನ, ಒಂದೇ ಗೇಟಿನೊಳಗೆ ಎರಡು ಸಲ ಕೇಳಿದವಳು ನಾನು.

ನೋಸ್ ಅಂದರೆ ಮೂಗು, ನೋಸಿ ಅಂದರೆ ಬೇರೆಯವರ ವಿಷಯದಲ್ಲಿ ಮೂಗು ತೂರಿಸುವವಳು. ಅಲ್ಲಿಂದ ಈ ಇಂಗ್ಲಿಷ್ ಪದ ನನ್ನ ಬೆನ್ನು ಹತ್ತಿತು.

ಮೂಗಿನ ವಿಷಯ

ಮೂಗು ತೂರಿಸುವುದು ನಮ್ಮಲ್ಲೂ ಇದೆ. ಆದರೆ ನಮ್ಮ ಮಾತಿನಲ್ಲಿ ಅದು ಮಾಡುವ ಕೆಲಸ. ಇವತ್ತು ಒಬ್ಬಳು ಮೂಗು ತೂರಿಸಿದಳು, ನಾಳೆ ತೂರಿಸದೆಯೂ ಇರಬಹುದು. ನೋಸಿ ಅಂದರೆ ಹಾಗಲ್ಲ. ಮೂಗೇ ಆ ಜಾತಿಯದ್ದು, ಮಲಗಿದ್ದಾಗಲೂ ಹಾಗೆಯೇ ಇರುತ್ತದೆ. ಕನ್ನಡದಲ್ಲಿ ಇದಕ್ಕೆ ಸರಿಯಾಗಿ ಕೂರುವ ಪದ ಹುಡುಕಿದೆ. ಅಧಿಕಪ್ರಸಂಗಿ ಅಂದರೆ ಬಾಯಿ ಜಾಸ್ತಿಯಾದವರು, ಅದು ಹೆಚ್ಚಾಗಿ ಸಿಗುವುದು ಚಿಕ್ಕವರಿಗೆ. ಊರ ಉಸಾಬರಿ ಅಂದರೆ ಬೇರೆಯವರ ತಾಪತ್ರಯವನ್ನು ತಲೆ ಮೇಲೆ ಹಾಕಿಕೊಳ್ಳುವುದು. "ನಿನಗ್ಯಾಕೆ ಊರ ಉಸಾಬರಿ?" ಎಂದು ಅಮ್ಮ ಬೈಯುವಾಗ ಅದರಲ್ಲಿ ನನ್ನ ಬಗ್ಗೆಯೇ ಅರ್ಧ ಕಾಳಜಿ ಇರುತ್ತಿತ್ತು. ಸುಮ್ನೆ ತಿಳಿದುಕೊಳ್ಳಲಿಕ್ಕೆ ಕೇಳುವವಳಿಗೆ ಹಚ್ಚಲು ಒಂದು ಚಿಕ್ಕ, ಮೆತ್ತಗಿನ, ಲಿಫ್ಟಿನಲ್ಲಿ ಹೇಳಿ ಮುಗಿಸಬಹುದಾದ ಪದ ನನಗೆ ಸಿಗಲಿಲ್ಲ.

ಇಂಗ್ಲಿಷಿನಲ್ಲೂ ಇದು ಬಹಳ ಹಳೆಯದಲ್ಲ. ಮೊದಲು ನೋಸಿ ಎಂದರೆ ದೊಡ್ಡ ಮೂಗಿನವನು, ಅಷ್ಟೇ. ವಾಟರ್ಲೂ ಯುದ್ಧ ಗೆದ್ದ ವೆಲ್ಲಿಂಗ್ಟನ್‌ನನ್ನು ಅವನ ಸೈನಿಕರು 'ಓಲ್ಡ್ ನೋಸಿ' ಎನ್ನುತ್ತಿದ್ದರು. ಅವನು ಯಾರ ಮನೆ ವಿಷಯವನ್ನೂ ಕೇಳುತ್ತಿದ್ದ ಅಂತಲ್ಲ, ಅವನ ಮೂಗು ಹಾಗಿತ್ತು. ಬೇರೆಯವರ ವಿಷಯ ಕೆದಕುವವರು ಎಂಬ ಅರ್ಥ ಬಂದದ್ದು 19ನೇ ಶತಮಾನದ ಕೊನೆಗೆ. ಆಮೇಲೆ ಅದಕ್ಕೊಂದು ಮನೆತನದ ಹೆಸರು ಅಂಟಿಕೊಂಡು 'ನೋಸಿ ಪಾರ್ಕರ್' ಆಯಿತು. ಈ ಪಾರ್ಕರ್ ಯಾರು ಎಂದು ಕೇಳಿದರೆ ಇಂಗ್ಲೆಂಡಿನವರು ಒಂದು ಚಂದದ ಕಥೆ ಹೇಳುತ್ತಾರೆ. ಮೊದಲನೇ ಎಲಿಜಬೆತ್ ರಾಣಿಯ ಕಾಲದಲ್ಲಿ, 1559ರಿಂದ 1575ರವರೆಗೆ, ಮ್ಯಾಥ್ಯೂ ಪಾರ್ಕರ್ ಎಂಬವರು ಕ್ಯಾಂಟರ್ಬರಿಯ ಆರ್ಚ್‌ಬಿಷಪ್ ಆಗಿದ್ದರು. ಉದ್ದ ಮೂಗು. ಊರೂರಿನ ಚರ್ಚುಗಳಿಗೆ ಪ್ರಶ್ನೆಗಳ ಪಟ್ಟಿ ಕಳಿಸಿ, ಪಾದ್ರಿ ಸರಿಯಾಗಿದ್ದಾರಾ, ಜನ ಸರಿಯಾಗಿದ್ದಾರಾ ಅಂತ ವಿಚಾರಣೆ ಮಾಡಿಸುತ್ತಿದ್ದರು. ಹಾಗಾಗಿ ಅವರೇ ನೋಸಿ ಪಾರ್ಕರ್ ಅಂತೆ.

ಕಥೆ ಎಷ್ಟು ಚೆನ್ನಾಗಿ ಕೂತಿದೆಯೆಂದರೆ ಅಲ್ಲೇ ಸಂಶಯ ಬರಬೇಕು. ಅವರು ಸತ್ತು ಮುನ್ನೂರು ವರ್ಷವಾದ ಮೇಲೆ ಆ ಪದಕ್ಕೆ ಆ ಅರ್ಥ ಬಂದದ್ದು. ಬದುಕಿದ್ದಾಗ ಅವರನ್ನು ಯಾರಾದರೂ ನೋಸಿ ಎಂದಿದ್ದರೆ ಮೂಗು ನೋಡಿಯೇ ಎಂದಿರಬೇಕು. ಅಚ್ಚಿನಲ್ಲಿ ನೋಸಿ ಪಾರ್ಕರ್ ಸಿಗುವುದೂ 19ನೇ ಶತಮಾನದ ಕೊನೆಯಿಂದ ಈಚೆಗೇ, ಉದಾಹರಣೆಗೆ 1907ರ ಹೊತ್ತಿನ ಒಂದು ತಮಾಷೆಯ ಪೋಸ್ಟ್‌ಕಾರ್ಡಿನಲ್ಲಿ. ಪಾರ್ಕುಗಳಲ್ಲಿ ಕೂತ ಜೋಡಿಗಳನ್ನು ಇಣುಕಿ ನೋಡುವವನಿಗೆ ಪಾರ್ಕರ್ ಎಂಬ ಹೆಸರು ಬಂತು ಎನ್ನುವವರೂ ಇದ್ದಾರೆ. ನನಗೆ ಬೇಜಾರಾಗುವುದು ಆ ಆರ್ಚ್‌ಬಿಷಪ್ ಬಗ್ಗೆ. ಮಠಗಳನ್ನು ಮುಚ್ಚಿಸಿದ ಕಾಲದಲ್ಲಿ ಚದುರಿ ಹೋಗಿದ್ದ ಹಸ್ತಪ್ರತಿಗಳನ್ನು ಎಲ್ಲೆಲ್ಲಿಂದಲೋ ಹುಡುಕಿಸಿ ತಂದವರು ಅವರು. ಇವತ್ತು ಕೇಂಬ್ರಿಡ್ಜಿನ ಒಂದು ಕಾಲೇಜಿನಲ್ಲಿ ಅವರ ಹೆಸರಿನ ಗ್ರಂಥಾಲಯ ಇದೆ. ಇಂಗ್ಲಿಷರ ಹಳೆಯ ಚರಿತ್ರೆಯ ಎಷ್ಟೋ ಪುಟಗಳು ಉಳಿದದ್ದು ಅಲ್ಲಿ. ಹುಡುಕುವ ಬುದ್ಧಿ ಇಲ್ಲದಿದ್ದರೆ ಅದು ಆಗುತ್ತಿತ್ತಾ? ಜನರ ಬಾಯಲ್ಲಿ ಮಾತ್ರ ಮೂಗು ಉಳಿಯಿತು.

ಎರಡು ಅಡಿ ನೆಲ

ನೋಸಿ ಹುಡುಕುತ್ತಾ ಹೋದವಳಿಗೆ ಅದರ ಅಕ್ಕನಂಥ ಇನ್ನೊಂದು ಪದ ಎದುರಾಯಿತು. ಈವ್ಸ್‌ಡ್ರಾಪ್. ಕದ್ದು ಕೇಳುವುದು ಎಂದು ಶಾಲೆಯಲ್ಲಿ ಅರ್ಥ ಬರೆಸಿದ್ದರು. ಅದರೊಳಗೆ ಮಳೆ ಇದೆ ಎಂದು ಯಾರೂ ಹೇಳಿರಲಿಲ್ಲ. ಈವ್ಸ್ ಎಂದರೆ ಸೂರಿನ ಅಂಚು. ಡ್ರಾಪ್ ಎಂದರೆ ಆ ಅಂಚಿನಿಂದ ನೀರು ಬೀಳುವ ನೆಲ. ಅದು ಮೊದಲು ಜಮೀನಿನ ಮಾತು. ಪಕ್ಕದವರ ಗಡಿಯವರೆಗೂ ಮನೆ ಕಟ್ಟಬಾರದು, ನಿಮ್ಮ ಮಾಡಿನ ನೀರು ನಿಮ್ಮ ನೆಲದಲ್ಲೇ ಬೀಳಬೇಕು. ಇಂಗ್ಲೆಂಡಿನ ಕೆಂಟ್ ಸೀಮೆಯ 9ನೇ ಶತಮಾನದ ಒಂದು ಪತ್ರದಲ್ಲಿ ಸೂರಿನ ನೀರಿಗೆಂದು ಎರಡು ಅಡಿ ಬಿಡುವ ಮಾತಿದೆ. ಆ ಎರಡು ಅಡಿಯಲ್ಲಿ ನಿಂತು ಒಳಗಿನ ಮಾತಿಗೆ ಕಿವಿ ಕೊಡುವವರು, 15ನೇ ಶತಮಾನದ ಹೊತ್ತಿಗೆ, ಈವ್ಸ್‌ಡ್ರಾಪರ್ ಆದರು. ನೆಲದ ಹೆಸರು ಮನುಷ್ಯರಿಗೆ ಬಂತು.

ಅದು ಬರೀ ಬೈಗುಳವಾಗಿ ಉಳಿಯಲಿಲ್ಲ, ಅಪರಾಧವೂ ಆಯಿತು. ಬ್ಲ್ಯಾಕ್‌ಸ್ಟೋನ್ ಎಂಬ ಕಾನೂನು ಪಂಡಿತರು 1769ರಲ್ಲಿ ಬರೆದ ಪ್ರಕಾರ, ಗೋಡೆ, ಕಿಟಕಿ, ಸೂರಿನ ಕೆಳಗೆ ನಿಂತು ಮಾತು ಕೇಳಿ, ಅದರಿಂದ ಕೆಟ್ಟ ಕಥೆ ಕಟ್ಟುವವರು ಊರಿಗೇ ಉಪದ್ರ. ದಂಡ ಹಾಕಬಹುದು. ಆ ಅಪರಾಧವನ್ನು ಇಂಗ್ಲೆಂಡಿನ ಕಾನೂನಿನಿಂದ ತೆಗೆದದ್ದು 1967ರಲ್ಲಿ. ಅಷ್ಟರಲ್ಲಿ ಫೋನಿನ ತಂತಿಗೇ ಕಿವಿ ಇಡುವ ಕಾಲ ಬಂದಿತ್ತು, ಸೂರಿನ ಕೆಳಗೆ ನೆನೆಯುತ್ತಾ ಯಾರು ನಿಲ್ಲುತ್ತಾರೆ?

ಆದರೆ ನಿಜವಾಗಿ ಈ ಪದ ಅರ್ಥವಾಗಬೇಕಾದದ್ದು ನಮಗೆ. ಲಂಡನಿನಲ್ಲಿ ವರ್ಷವಿಡೀ ಬೀಳುವುದು 600 ಮಿಲಿಮೀಟರಿನ ಆಸುಪಾಸು ಮಳೆ. ಮಂಗಳೂರಿನಲ್ಲಿ 3,500ಕ್ಕಿಂತ ಜಾಸ್ತಿ. ಇಲ್ಲಿನ ಜೆಪ್ಪುವಿನಲ್ಲಿ ಕ್ರೈಸ್ತ ಪಾದ್ರಿಗಳ ಬಾಸೆಲ್ ಮಿಶನ್‌ನವರು 1865ರಲ್ಲಿ ಹಂಚಿನ ಕಾರ್ಖಾನೆ ಶುರುಮಾಡಿದ ಮೇಲೆ ಈ ಕರಾವಳಿಯ ಮಾಡುಗಳೆಲ್ಲ ನಿಧಾನಕ್ಕೆ ಕೆಂಪಾದವು. ಆ ಹಂಚಿನ ಸಾಲಿನಿಂದ ಇಳಿಯುವ ನೀರು ಅಂಗಳದಲ್ಲಿ ಒಂದೇ ಗೆರೆಯಲ್ಲಿ ಗುಳಿ ತೋಡುವುದನ್ನು ನೋಡದ ಮಗು ನಮ್ಮ ತಲೆಮಾರಿನಲ್ಲಿ ಇರಲಿಲ್ಲ. ಆ ಗೆರೆಯ ಒಳಗೆ ನಿಂತರೆ ನೆನೆಯುವುದಿಲ್ಲ. ಹೊರಗೆ ಕಾಲಿಟ್ಟರೆ ಒದ್ದೆ.

ಮಡಲಿನ ತಟ್ಟಿ

ಉಡುಪಿಯಿಂದ ಈಚೆ, ಕಟಪಾಡಿ ಕಡೆಯ ನಮ್ಮ ಹಳೆಯ ಮನೆ. 1983ರ ಆಟಿ, ಅಂದರೆ ಮಳೆ ಜೋರಾಗಿರುವ ತುಳು ತಿಂಗಳು. ಆಟಿಯಲ್ಲಿ ಶುಭಕಾರ್ಯ ಮಾಡುವುದಿಲ್ಲ. ಜಗಳಕ್ಕೆ ಅಡ್ಡಿ ಇಲ್ಲ. ಅಜ್ಜ ಹೋಗಿ ವರ್ಷ ಕಳೆದಿತ್ತು. ಅಪ್ಪ, ದೊಡ್ಡಪ್ಪ, ಚಿಕ್ಕಪ್ಪ ಮೂವರೂ ಚಾವಡಿಯಲ್ಲಿ ಕೂತು ಪಾಲಿನ ಮಾತು ಎತ್ತಿದ್ದರು. ಸಂಜೆ ಹೊತ್ತು, ಕರೆಂಟಿಲ್ಲ, ಚಿಮಿಣಿ ದೀಪ. ನನಗೆ ಹತ್ತು ವರ್ಷ. ಮಕ್ಕಳು ಅಲ್ಲಿ ಇರಬಾರದು ಅಂತ ಒಳಗೆ ಓಡಿಸಿದ್ದರು. ಅತ್ತೆಯನ್ನೂ ಒಳಗೆ ಕಳಿಸಿದ್ದರು, ಬೇರೆ ರೀತಿಯಲ್ಲಿ. "ನಾಳೆಗೆ ಪುಂಡಿ ಮಾಡು, ಅಕ್ಕಿ ಕಡೆದಿಡು" ಅಂದರು ದೊಡ್ಡಪ್ಪ. ಪುಂಡಿ ಅಂದರೆ ಹಬೆಯಲ್ಲಿ ಬೇಯಿಸುವ ಅಕ್ಕಿಯ ಉಂಡೆ. ಅತ್ತೆ ಅಂದರೆ ಅಪ್ಪನ ತಂಗಿ. ಮದುವೆಯಾಗಿ ನಾಲ್ಕೇ ವರ್ಷಕ್ಕೆ ಗಂಡನನ್ನು ಕಳೆದುಕೊಂಡು ತವರಿಗೆ ಬಂದವರು. ಕಡೆಯುವ ಕಲ್ಲಿನ ಮುಂದೆ ಕೂತರು. ಗರಗರ ಶಬ್ದ ಶುರುವಾಯಿತು. ಚಾವಡಿಯ ಮಾತು ಅಡುಗೆಮನೆಗೆ ಕೇಳದ ಹಾಗೆ ಮಾಡಲು ಅದಕ್ಕಿಂತ ಒಳ್ಳೆಯ ಉಪಾಯ ಇರಲಿಲ್ಲ. ಇದು ನನಗೆ ಹೊಳೆದದ್ದು ಎಷ್ಟೋ ವರ್ಷದ ನಂತರ.

ಮಳೆಗಾಲದಲ್ಲಿ ಗೋಡೆಗೆ ಎರಚಲು ಹೊಡೆಯದ ಹಾಗೆ ಸೂರಿನಿಂದ ಮಡಲಿನ, ಅಂದರೆ ತೆಂಗಿನ ಗರಿಯ, ತಟ್ಟಿ ಕಟ್ಟುತ್ತಿದ್ದರಲ್ಲ, ಆ ತಟ್ಟಿಗೂ ಗೋಡೆಗೂ ನಡುವೆ ಒಂದು ಓಣಿಯಷ್ಟು ಜಾಗ ಇರುತ್ತಿತ್ತು. ಸೌದೆ ಇಡುವುದು ಅಲ್ಲಿ, ಕೋಳಿ ಕೂರುವುದು ಅಲ್ಲಿ. ನಾನು ಹಿಂಬಾಗಿಲಿನಿಂದ ಇಣುಕಿದರೆ ಅಲ್ಲಿ ಆಚೆಮನೆ ದೊಡ್ಡಮ್ಮ ನಿಂತಿದ್ದರು. ಸಂಬಂಧದಲ್ಲಿ ದೊಡ್ಡಮ್ಮ ಅಲ್ಲ, ಊರಿಗೆಲ್ಲ ದೊಡ್ಡಮ್ಮ. ತಲೆಯ ಮೇಲಿದ್ದ ಗೊರಬೆಯನ್ನು, ಎಲೆಯಿಂದ ಮಾಡಿದ ಆ ಮಳೆಯ ಹೊದಿಕೆಯನ್ನು, ಇಳಿಸಿ ಗೋಡೆಗೆ ಒರಗಿಸಿದ್ದರು. ನೀರಿಳಿಯುತ್ತಿತ್ತು. ನನ್ನನ್ನು ನೋಡಿ ಬೆರಳನ್ನು ತುಟಿಯ ಮೇಲೆ ಇಟ್ಟರು. ಹೆದರಲಿಲ್ಲ, ನಾಚಲೂ ಇಲ್ಲ. ಮಳೆ ಬಿಡಲಿ ಎಂದು ನಿಂತವರ ಹಾಗೆ ನಿಂತಿದ್ದರು. ಮಳೆಯೂ ಅವತ್ತು ಅವರ ಪರವಾಗಿಯೇ ಬರುತ್ತಿತ್ತು.

ಮರುದಿನ ಬೆಳಿಗ್ಗೆ ಪುಂಡಿ ಆಗಲಿಲ್ಲ. ನೀರ್ದೋಸೆ ಆಯಿತು. ನನಗೆ ಪುಂಡಿಯ ಆಸೆ, ಹಾಗಾಗಿ ಸಿಟ್ಟು ಬಂದು ಬಾವಿಕಟ್ಟೆಯಲ್ಲಿ ಕೂತಿದ್ದೆ. ದೊಡ್ಡಮ್ಮ ಮಜ್ಜಿಗೆ ಬೇಡುವ ನೆಪದಲ್ಲಿ ಬಂದರು. ಅತ್ತೆ ನೀರು ಸೇದುತ್ತಿದ್ದರು. ಈ ಬಾವಿ ತೋಡಿಸಲು ಬ್ಯಾಂಕಿನಲ್ಲಿ ಅಡವಿಟ್ಟದ್ದು ಅತ್ತೆಯ ನಾಲ್ಕು ಬಳೆ. ಬಿಡಿಸಲೇ ಇಲ್ಲ. ದೊಡ್ಡಮ್ಮ ಹಗ್ಗಕ್ಕೆ ಕೈಕೊಡುತ್ತಾ ಮೆಲ್ಲಗೆ ಅಂದರು, "ನಿನ್ನ ಬಳೆಯ ಲೆಕ್ಕ ಯಾರೂ ಎತ್ತಲಿಲ್ಲ ಮಗಾ. ನೀನು ಮೂರು ಮನೆಯಲ್ಲಿ ನಾಲ್ಕು ನಾಲ್ಕು ತಿಂಗಳು ಇರುವುದಂತೆ." ಅತ್ತೆ ಏನೂ ಹೇಳಲಿಲ್ಲ. ಕೊಡಪಾನ ಸೊಂಟಕ್ಕಿಟ್ಟುಕೊಂಡು ಒಳಗೆ ಹೋದರು. ಅವತ್ತು ಮಧ್ಯಾಹ್ನ ಊಟಕ್ಕೆ ಬಡಿಸುವಾಗ, ಅನ್ನದ ಕೈಮರಿಗೆ ಕೆಳಗಿಟ್ಟು, ಮೂವರು ಅಣ್ಣತಮ್ಮಂದಿರ ಮುಂದೆ ನಿಂತು ಕೇಳಿಯೇ ಬಿಟ್ಟರು. ಬಳೆ ಎಷ್ಟು ಪವನು, ಯಾವ ವರ್ಷ ಅಡವಿಟ್ಟದ್ದು, ಎಲ್ಲ ಬಾಯಿಪಾಠ ಇತ್ತು.

ಆಮೇಲಿನದ್ದು ಉದ್ದದ ಕಥೆ. ಮನೆ ಇರುವ ಜಾಗದಲ್ಲಿ ಅತ್ತೆಗೆ ಒಂದು ಕೋಣೆ, ಒಂದು ಅಡುಗೆಮನೆ, ಹನ್ನೆರಡು ತೆಂಗಿನಮರ ಬಂತು. ದೊಡ್ಡಪ್ಪ ಹನ್ನೊಂದು ವರ್ಷ ನಮ್ಮ ಮೆಟ್ಟಿಲು ಹತ್ತಲಿಲ್ಲ. ಅಪ್ಪನ ಸಿಟ್ಟೆಲ್ಲ ಬಿದ್ದದ್ದು ಆಚೆಮನೆಯ ಮೇಲೆ. "ಸೂರಿನಡಿಯಲ್ಲಿ ನಿಂತು ಮನೆ ಒಡೆದ ಹೆಂಗಸು" ಎಂದು ಸಾಯುವವರೆಗೂ ಹೇಳುತ್ತಿದ್ದರು. ಇಂಗ್ಲಿಷ್ ಬಾರದ ಅಪ್ಪ, ಆ ಇಂಗ್ಲಿಷ್ ಪದವನ್ನು ಅದರ ಮೊದಲ ಅರ್ಥದಲ್ಲೇ ಹೇಳಿದ್ದರು. ಬ್ಲ್ಯಾಕ್‌ಸ್ಟೋನರ ಕಾನೂನಿನಲ್ಲಿ ಮಾತ್ರ ದೊಡ್ಡಮ್ಮ ಅರ್ಧವೇ ಸಿಕ್ಕಿಬೀಳುತ್ತಿದ್ದರು. ಕದ್ದು ಕೇಳಿದ್ದು ಹೌದು. ಕಥೆ ಕಟ್ಟಲಿಲ್ಲ. ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದ್ದರು.

ಕೇಳುವುದು ಎಂಬ ಒಂದೇ ಪದ

ಕಿಟೆಲರ ಕನ್ನಡ–ಇಂಗ್ಲಿಷ್ ನಿಘಂಟು ಅಚ್ಚಾದದ್ದು ನಮ್ಮ ಮಂಗಳೂರಿನಲ್ಲೇ, 1894ರಲ್ಲಿ. ಜರ್ಮನಿಯಿಂದ ಬಂದ ಮನುಷ್ಯ. ಕಂಡವರ ಹತ್ತಿರವೆಲ್ಲ ಈ ಪದ ಏನು, ಆ ಗಾದೆ ಏನು ಎಂದು ವಿಚಾರಿಸದೆ ಆ ಗಾತ್ರದ ಪುಸ್ತಕ ಆಗುವುದಿಲ್ಲ. ಆ ಕಾಲದವರು ಅವರಿಗೆ ಏನು ಹೆಸರಿಟ್ಟಿದ್ದರೋ! ಅದರಲ್ಲಿ 'ಕೇಳು' ತೆರೆದು ನೋಡಿದೆ. ಕಿವಿಯಿಂದ ಕೇಳುವುದೂ ಅದೇ, ಬಾಯಿಂದ ಕೇಳುವುದೂ ಅದೇ. ಹುಟ್ಟಿದಾಗಿನಿಂದ ಆಡುವ ಪದ, ಇಷ್ಟು ದಿನ ಗಮನಿಸಿರಲೇ ಇಲ್ಲ. ತುಳುವಿನಲ್ಲೂ ಹಾಗೆಯೇ, ಕೇನುನಿ ಅಂದರೆ ಎರಡೂ. ಇಂಗ್ಲಿಷಿನಲ್ಲಿ ಕೇಳಿದವಳಿಗೆ ಮೂಗು, ಕೇಳಿಸಿಕೊಂಡವಳಿಗೆ ಸೂರು. ನಮ್ಮಲ್ಲಿ ಎರಡಕ್ಕೂ ಒಂದೇ ಬಾಗಿಲು. ತೀರಾ ಅನಾಥರಾದವರ ಬಗ್ಗೆ ನಾವು ಏನೆನ್ನುತ್ತೇವೆ? "ಪಾಪ, ಹೇಳುವವರು ಕೇಳುವವರು ಯಾರೂ ಇಲ್ಲ."

ವಿಚಾರಿಸುವುದನ್ನೇ ನೋಡಿ. ಮದುವೆಗೆ ಹೋಗಿ ಬಂದವರು "ತುಂಬ ಚೆನ್ನಾಗಿ ವಿಚಾರಿಸಿಕೊಂಡರು" ಎಂದರೆ ಉಪಚಾರ. ಪೊಲೀಸರು ವಿಚಾರಿಸಿದರೆ ವಿಚಾರಣೆ. "ಒಂದು ಕೈ ವಿಚಾರಿಸಿಕೊಳ್ತೇನೆ" ಎಂದರೆ ಏಟು. ಯಾವುದು ಎಂದು ಗೊತ್ತಾಗುವುದು ಧ್ವನಿಯಿಂದ.

ಇಷ್ಟು ಹೇಳಿ, ನಮ್ಮದೇ ಸರಿ, ಆ ಹುಡುಗಿಗೆ ಸಂಸ್ಕಾರ ಇಲ್ಲ ಎಂದು ಮುಗಿಸಿಬಿಡಬಹುದಿತ್ತು. ನನಗೆ ಅದು ಆಗುವುದಿಲ್ಲ. ಯಾಕೆಂದರೆ "ಊರು ಎಲ್ಲಾಯ್ತು" ಎಂಬುದರ ಹಿಂದೆ ಎಷ್ಟೋ ಸಲ ಬೇರೆ ಪ್ರಶ್ನೆ ಅಡಗಿ ಕೂತಿರುತ್ತದೆ. ಊರು ಹೇಳಿದರೆ ಮನೆ, ಮನೆ ಹೇಳಿದರೆ ಮನೆತನ, ಆಮೇಲೆ ಜಾತಿ. ಮನೆ ಬಾಡಿಗೆಗೆ ಹುಡುಕಿದವರಿಗೆಲ್ಲ ಗೊತ್ತು, "ನೀವು ಯಾವ ಕಡೆಯವರು?" ಎಂದರೆ ದಿಕ್ಕು ಕೇಳಿದ್ದಲ್ಲ. ಅದೂ ಅಲ್ಲದೆ ಇದು ಮಂಗಳೂರು. 2009ರಲ್ಲಿ ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಹೊಡೆದದ್ದನ್ನು ದೇಶವೆಲ್ಲ ಟಿವಿಯಲ್ಲಿ ನೋಡಿದೆ. ಹುಡುಗ–ಹುಡುಗಿ ಒಟ್ಟಿಗೆ ಕೂತರೆ ಹೆಸರು ಕೇಳುವವರು ಆಮೇಲೂ ಇದ್ದಾರೆ. ಒಬ್ಬಳೇ ಇರುವ ಹುಡುಗಿಗೆ "ಒಬ್ಬರೇ ಇರುವುದಾ?" ಎಂಬ ಪ್ರಶ್ನೆ ಕೇಳಿದವಳು ನಾನು. ನಾನು ಕೇಳಿದ್ದು ತಿಂಡಿಯ ವಿಷಯಕ್ಕೆ. ಅದು ಅವಳಿಗೆ ಹೇಗೆ ಗೊತ್ತಾಗಬೇಕು? ಮೊದಲೆಲ್ಲ ಹೊರಟು ನಿಂತವರನ್ನು ಎಲ್ಲಿಗೆ ಎಂದು ನೇರ ಕೇಳಬಾರದು ಎನ್ನುತ್ತಿದ್ದರು, ಅಪಶಕುನ ಅಂತ. "ದೂರ ಹೊರಟದ್ದಾ?" ಎಂದು ಕೇಳುತ್ತಿದ್ದರು. "ಹೌದು, ಸ್ವಲ್ಪ ದೂರ" ಎಂದರೆ ಸಾಕಿತ್ತು. ಹೇಳಬೇಕೆನಿಸಿದರೆ ಹೇಳಬಹುದು, ಬೇಡದಿದ್ದರೆ ಬಿಡಬಹುದು. ಆ ಎರಡು ಅಡಿ ಜಾಗ ನಮ್ಮ ಮಾತಿನಲ್ಲೂ ಇತ್ತು. ನಾನೇ ಅದನ್ನು ದಾಟಿ ಗಡಿಗೆ ತಾಗಿಸಿ ಕಟ್ಟಿದ್ದೆ.

(ನಡುವೆ ಒಂದು ಮಾತು. ನಮ್ಮ ಗೇಟಿನಲ್ಲಿ ಈಗ ಆ್ಯಪ್ ಬಂದಿದೆ. ಬಂದವರ ಹೆಸರು, ಫೋನ್ ನಂಬರ್, ಫೋಟೋ, ಯಾರ ಮನೆಗೆ, ಯಾಕೆ, ಎಲ್ಲ ಬೇಕು. ಅದನ್ನು ಯಾರೂ ನೋಸಿ ಎನ್ನುವುದಿಲ್ಲ, ಸೆಕ್ಯೂರಿಟಿ ಎನ್ನುತ್ತಾರೆ. ಕಳೆದ ವರ್ಷ ಅತ್ತೆ ಬಂದಾಗ ಎಲ್ಲ ಉತ್ತರವನ್ನೂ ಕೊಟ್ಟು, ತಿರುಗಿ ಆ ಹುಡುಗನಿಗೆ ತಮ್ಮ ಹರಕುಮುರುಕು ಹಿಂದಿಯಲ್ಲಿ ಪ್ರಶ್ನೆ ಹಾಕಿದರು. ಅವನು ಒಡಿಶಾದವನು, ಇಬ್ಬರು ಹೆಣ್ಣುಮಕ್ಕಳು, ಚಿಕ್ಕವಳಿಗೆ ಆಗಾಗ ಜ್ವರ. ಎರಡು ವರ್ಷದಿಂದ ದಿನಾ ಅವನನ್ನು ನೋಡುವ ನನಗೆ ಇದು ಯಾವುದೂ ಗೊತ್ತಿರಲಿಲ್ಲ.)

ಇದೆಲ್ಲ ಬರೆಯಲು ಕೂತಾಗ ಒಂದು ವಿಷಯ ಖಾತ್ರಿ ಮಾಡಿಕೊಳ್ಳಬೇಕಿತ್ತು. ಅವತ್ತು ಬಾವಿಕಟ್ಟೆಯಲ್ಲಿ ದೊಡ್ಡಮ್ಮ ಹೇಳಿದ್ದು ಅಷ್ಟೇನಾ, ನನಗೆ ಮರೆತದ್ದು ಏನಾದರೂ ಇದೆಯಾ ಎಂದು ಮೊನ್ನೆ ಅತ್ತೆಗೆ ಫೋನ್ ಮಾಡಿದೆ. ಈಗ ಎಪ್ಪತ್ತೇಳು ಅವರಿಗೆ. ಅದೇ ಕೋಣೆ, ಅದೇ ಹನ್ನೆರಡು ಮರದಲ್ಲಿ ಉಳಿದ ಒಂಬತ್ತು.

"ಅದೆಲ್ಲ ಈಗ ಯಾಕೆ ನಿನಗೆ?" ಅಂದರು.

ಸುಮ್ನೆ ಅತ್ತೆ, ಬರೀಲಿಕ್ಕೆ ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ. ಆಚೆ ಮಳೆಯ ಶಬ್ದ ಮಾತ್ರ ಬರುತ್ತಿತ್ತು. ಆಮೇಲೆ ಕೇಳಿದರು, "ಮಾರನೇ ದಿನ ನೀನು ಪುಂಡಿ ಇಲ್ಲ ಅಂತ ಬಾವಿಕಟ್ಟೆಯಲ್ಲಿ ಮುಖ ಊದಿಸಿಕೊಂಡು ಕೂತಿದ್ದೆ, ನೆನಪುಂಟಾ?"

ಉಂಟು ಅಂದೆ.

"ಪುಂಡಿಗೆ ಅಕ್ಕಿ ತರಿತರಿ ಇರಬೇಕು. ಕಲ್ಲು ನಿಲ್ಲಿಸಿದರೆ ಚಾವಡಿಯಲ್ಲಿ ಗೊತ್ತಾಗ್ತದೆ. ಹಾಗೆ ಮೆಲ್ಲ ಮೆಲ್ಲ ತಿರುಗಿಸ್ತಾ ಕೂತೆ. ಅವರ ಮಾತು ಮುಗಿಯುವಾಗ ಹಿಟ್ಟು ಬೆಣ್ಣೆಯ ಹಾಗೆ ಆಗಿತ್ತು. ಇನ್ನೆಂತ ಮಾಡುವುದು, ನೀರು ಹಾಕಿ ದೋಸೆ ಎರೆದೆ."

ನನಗೆ ಮಾತೇ ಹೊರಡಲಿಲ್ಲ. ಹಾಗಾದರೆ ದೊಡ್ಡಮ್ಮ ಬಂದು ಹೇಳುವ ಮೊದಲೇ ಗೊತ್ತಿತ್ತಾ?

"ಗೊತ್ತಿತ್ತು. ನಾನೇ ಕದ್ದು ಕೇಳಿದೆ ಅಂದರೆ ಅಣ್ಣ ಮನೆಯಲ್ಲಿ ಇರಲಿಕ್ಕೆ ಬಿಡ್ತಿದ್ದನಾ? ದೊಡ್ಡಮ್ಮ ಹೇಳಿದರು ಅಂದೆ. ಅವರಿಗೂ ಗೊತ್ತಿತ್ತು ನನಗೆ ಕೇಳಿದೆ ಅಂತ. ಕಲ್ಲಿನ ಶಬ್ದ ಅವರಿಗೆ ಗೊತ್ತಾಗದಾ? ಮಜ್ಜಿಗೆಯ ನೆಪ ಮಾಡಿ ಬಂದದ್ದು ಅದಕ್ಕೇ."

ಹೆಸರು ಕೆಡಿಸಿಕೊಳ್ಳಲೆಂದೇ ಬಂದರಾ ಎಂದು ಕೇಳಲು ಹೋದೆ. ಅತ್ತೆ ಮಾತು ತಪ್ಪಿಸಿದರು.

"ಅದು ಬಿಡು. ನಿಂದು ಊಟ ಆಯ್ತಾ? ಎಂತ ಪದಾರ್ಥ?"

ಬಸಳೆ ಅಂದೆ. ಎಷ್ಟು ಕೊಟ್ಟೆ ಕಟ್ಟಿಗೆ ಅಂತ ಕೇಳಿದರು.